ಕಾಂಗರೂ ಮರಿಗೆ ವಾಸನಿ ಹೆಂಗ ಗೊತ್ತಾಗ್ತೈತಿ: ಕ್ಲಾಸಿನ್ಯಾಗ ಮಾಡಿ ತೋರಿಸೋ ಪೂರ್ತಿ ಗೈಡ್

ಹೊಟ್ಟಿಚೀಲದ ಪ್ರಾಣಿ ಅಂದಕೂಡ್ಲೆ ನಮ್ಮ ಹುಡುಗ್ರು ಕಾಂಗರೂ ಚಿತ್ರ ಬರೀತಾರ, ಚೀಲದಾಗಿಂದ ಇಣುಕಿ ನೋಡೋ ಮರಿ, ಅದಕ್ಕ ದೊಡ್ಡ ದೊಡ್ಡ ಕಣ್ಣು. ಚಿತ್ರ ತಪ್ಪೇನಲ್ಲ, ಆದ್ರ ಅದು ಹುಟ್ಟಿ ಎಷ್ಟೋ ತಿಂಗಳ ಆದ ಮ್ಯಾಲಿನ ಮರಿ. ಹುಟ್ಟಿದ ದಿನ ಅದಕ್ಕ ಕಣ್ಣು ಮುಚ್ಚಿರ್ತೈತಿ, ಕಿವಿ ಮುಚ್ಚಿರ್ತೈತಿ, ಹಿಂದಿನ ಕಾಲು ಇನ್ನೂ ಕಾಲೇ ಆಗಿರಂಗಿಲ್ಲ. ತೆರೆದಿರೋದು ಮೂಗಿನ ಹೊಳ್ಳಿ ಎರಡು, ಮತ್ತ ಬಾಯಿ.

ಹೈಸ್ಕೂಲ್ ಸೈನ್ಸ್ ಮಾಸ್ತರಿಗೆ, ಬಿ.ಎಸ್ಸಿ ಝೂವಾಲಜಿ ಸೆಮಿನಾರ್ ತಗೊಂಡವ್ರಿಗೆ, ವಿಜ್ಞಾನ ಮೇಳಕ್ಕ ಹೊಸದೇನಾರ ಮಾಡ್ಬೇಕು ಅನ್ನೋರಿಗೆ ಈ ಗೈಡ್ ಬರ್ದೀನಿ. ನಮ್ಮ ಕೊಪ್ಪಳ, ಕುಷ್ಟಗಿ, ಲಿಂಗಸೂಗೂರು ಕಡೆ ಕಾಂಗರೂ ಎಲ್ಲಿಂದ ತರ್ತೀರಿ, ತರೋದೂ ಬ್ಯಾಡ. ತೊಗರಿ, ಶೇಂಗಾ, ಲಾಡಿ ದಾರ, ಹತ್ತಿ, ಜೀರಗಿ, ಮತ್ತ ಊರಾಗೊಂದು ಕುರಿಹಟ್ಟಿ, ಇಷ್ಟಿದ್ರ ಆತು. ಯೂಟ್ಯೂಬ್ ವಿಡಿಯೋ ಹಾಕಿ ಕುಂತ್ರ ಹುಡುಗ್ರು ನೋಡ್ತಾರ, ಮರೀತಾರ. ಕೈಯಾಗ ಹಿಡ್ಕೊಂಡ್ರ ಮರಿಯಂಗಿಲ್ಲ.

ಶುರು ಮಾಡೋದಕ್ಕಿಂತ ಮೊದ್ಲು ನಿಮ್ಮ ತಲಿಯಾಗ ಒಂದು ಮಾತು ಗಟ್ಟಿ ಇರ್ಲಿ, ಯಾಕಂದ್ರ ಪೂರ್ತಿ ಪಾಠ ಇದರ ಮ್ಯಾಲ ನಿಂತೈತಿ. ಮರಿ ಹುಟ್ಟೋವಾಗ ಮೂಗು ಪೂರ್ತಿ ತಯಾರಾಗಿರ್ತೈತಿ ಅಂತಲ್ಲ. ಆ ಒಂದು ದಿನದ ಕೆಲ್ಸಕ್ಕ ಎಷ್ಟು ಬೇಕೋ ಅಷ್ಟು ತಯಾರಾಗಿರ್ತೈತಿ, ಉಳಿದಿದ್ದು ಚೀಲದಾಗ ಕುಂತು ನಿಧಾನ ಬೆಳೀತೈತಿ.

ಹೆಜ್ಜೆ 1: ಮರಿ ಎಷ್ಟು ಸಣ್ಣದು ಅಂತ ಕೈಯಾಗ ಕೊಡ್ರಿ

ಮೂರು ಪ್ರಾಣಿ ಸಾಕು, ಜಾಸ್ತಿ ಹೆಸರು ಹೇಳಿದ್ರ ಹುಡುಗ್ರು ಕಕ್ಕಾಬಿಕ್ಕಿ ಆಗ್ತಾರ. ಒಂದು, ಆಸ್ಟ್ರೇಲಿಯಾದ ಕೆಂಪು ಕಾಂಗರೂ, ಹೊಟ್ಟಿಯಾಗ 33 ದಿನ ಇದ್ದು ಹುಟ್ಟೋ ಮರಿ ಸುಮಾರು 0.8 ಗ್ರಾಂ. ಎರಡು, ಟ್ಯಾಮರ್ ವಾಲಬಿ, ಕಾಂಗರೂದ ಸಣ್ಣ ಜಾತಿ, ಹೊಟ್ಟಿಯಾಗ ಸುಮಾರು 26 ದಿನ, ಮರಿ 0.4 ಗ್ರಾಂ. ಮೂರು, ದಕ್ಷಿಣ ಅಮೆರಿಕದ ಸಣ್ಣ ಬಾಲದ ಬೂದು ಒಪಾಸಮ್, ಹೊಟ್ಟಿಯಾಗ ಬರೇ 14 ದಿನ, ಮರಿ 0.1 ಗ್ರಾಂ, ಮತ್ತ ಇದರ ತಾಯಿಗೆ ಚೀಲನೇ ಇಲ್ಲ, ಆದ್ರೂ ಹೊಟ್ಟಿಚೀಲದ ಗುಂಪಿಗೇ ಸೇರಿದ್ದು.

ಈಗ ತೂಕ ತೋರ್ಸಬೇಕು. ಒಂದು ತೊಗರಿ ಕಾಳು ಹೆಚ್ಚುಕಡಿಮಿ 0.1 ಗ್ರಾಂ ಬರ್ತೈತಿ, ಅದು ಒಪಾಸಮ್ ಮರಿ. ಸಿಪ್ಪಿ ಸುಲಿದ ಒಂದು ಶೇಂಗಾ ಕಾಳು 0.4 ಗ್ರಾಂ ಆಸುಪಾಸು, ಅದು ವಾಲಬಿ ಮರಿ. ಅಂಥವು ಎರಡು ಇಟ್ರ ಕೆಂಪು ಕಾಂಗರೂ ಮರಿ. ಕಾಳಿಂದ ಕಾಳಿಗೆ ತೂಕ ಬ್ಯಾರೆ ಇರ್ತೈತಿ, ಅದಕ್ಕ ಬಂಗಾರದ ಅಂಗಡ್ಯಾಗ ಪರಿಚಯ ಇದ್ರ ಅವ್ರ ಮಷೀನ್ ಮ್ಯಾಲ ಇಟ್ಟು ಸರಿಯಾದ ಕಾಳು ಆರಿಸ್ಕೊಂಡು ಬರ್ರಿ, ಮನಿ ಅಡಗಿ ತಕ್ಕಡಿ ಇಷ್ಟು ಸಣ್ಣ ತೂಕ ಹಿಡಿಯಂಗಿಲ್ಲ. ಎಲ್ಲಾ ಹುಡುಗ್ರ ಅಂಗೈ ಮ್ಯಾಲ ಒಂದೊಂದು ಶೇಂಗಾ ಕಾಳು ಇಟ್ಟು, "ಇದರ ತಾಯಿ ಸುಮಾರು 5 ಕೆಜಿ" ಅನ್ರಿ. ತಾಯಿ ತೂಕಕ್ಕ ಮರಿ ಹನ್ನೆರಡು ಸಾವಿರ ಪಾಲಿಗಿಂತ ಸಣ್ಣದು. ಕುರಿಮರಿ ಎಷ್ಟಿರ್ತೈತಿ ಅಂತ ಕೇಳ್ರಿ, ಹಟ್ಟಿ ಮನಿ ಹುಡುಗ್ರು ತಾವಾಗೇ ಎರಡೂವರಿ ಕೆಜಿ, ಮೂರು ಕೆಜಿ ಅಂತಾರ. ಅಲ್ಲಿಗೆ ಕ್ಲಾಸ್ ನಿಮ್ಮ ಕೈಗೆ ಬಂತು. ಕಾಳು ವಾಪಸ್ ಬರಂಗಿಲ್ಲ, ಬಾಯಿಗೆ ಹೋಗ್ತಾವ, ಜಾಸ್ತಿ ತಂದಿರ್ರಿ.

ಹೆಜ್ಜೆ 2: ಎರಡು ದಾರದ ಕ್ಯಾಲೆಂಡರ್

ಇದು ನನಗ ಭಾಳ ಸೇರಿದ ಭಾಗ. ಲಂಗಕ್ಕ ಹಾಕೋ ಲಾಡಿ ದಾರ ತಗೋರಿ, ಒಂದು ದಿನಕ್ಕ ಒಂದು ಸೆಂಟಿಮೀಟರ್. ಟ್ಯಾಮರ್ ವಾಲಬಿಗೆ 2 ಮೀಟರ್ 76 ಸೆಂಟಿಮೀಟರ್ ದಾರ ಬೇಕು: ಹೊಟ್ಟಿಯಾಗ 26 ದಿನ, ಚೀಲದಾಗ ಸುಮಾರು 250 ದಿನ. ದಾರದ ತುದಿಯಿಂದ 26ನೇ ಸೆಂಟಿಮೀಟರಿಗೆ ಒಂದು ಗಂಟು ಹಾಕ್ರಿ, ಅದು ಹುಟ್ಟಿದ ದಿನ. ಗೋಡಿಗೆ ಕಟ್ಟಿದ್ರ ಗಂಟು ಹೆಂಗ ಎಡಗಡೆ ಮೂಲಿಯಾಗ ಕುಂತಿರ್ತೈತಿ ನೋಡ್ರಿ, ಬೆಳವಣಿಗಿ ಅನ್ನೋದು ಪೂರ್ತಿ ಅದರ ಬಲಗಡೆನೇ ಐತಿ.

ಆಮ್ಯಾಲ ಬಣ್ಣದ ದಾರ ಕಟ್ತಾ ಹೋಗ್ರಿ, ಎಲ್ಲಾ ಹುಟ್ಟಿದ ದಿನದಿಂದ ಲೆಕ್ಕ. ಮೂಗಿಂದು ಕೆಂಪು ದಾರ, ಅದು ಗಂಟಿನ ಮ್ಯಾಲೇ ಬರ್ತೈತಿ. 100ನೇ ದಿನದ ತನಕ ಮರಿ ಮೊಲಿತೊಟ್ಟು ಬಿಡಂಗಿಲ್ಲ, ಅದರ ಬಾಯಾಗ ತೊಟ್ಟಿನ ತುದಿ ಉಬ್ಬಿ ಕಚ್ಚಿಕೊಂಡಂಗ ಇರ್ತೈತಿ, ಇದಕ್ಕ ಬಿಳಿ ದಾರ. ಕಿವಿ ಕೇಳಾಕ ಶುರು ಆಗೋದು ನಾಲ್ಕು ತಿಂಗಳ ಹತ್ರ, ನೀಲಿ. ಕಣ್ಣು ತೆರೆಯೋದು ಸುಮಾರು 140ನೇ ದಿನ, ಹಳದಿ. ಮೈತುಂಬ ಕೂದಲು ಬರೋದು ಸುಮಾರು 180, ಕಂದು. ಹೊರಗ ಕಾಲಿಡೋದು 200ರ ಆಸುಪಾಸು, ಚೀಲ ಪೂರ್ತಿ ಬಿಡೋದು 250, ಅದಕ್ಕ ಹಸಿರು. ಮೂಗಿಗೂ ಕಣ್ಣಿಗೂ ನಡುವ ಒಂದು ಮೀಟರಿಗಿಂತ ಜಾಸ್ತಿ ಖಾಲಿ ದಾರ, ಅದನ್ನ ಬೆರಳಿಂದ ತೋರ್ಸಿ ಸುಮ್ಮನೆ ನಿಂದ್ರಿ, ಹುಡುಗ್ರೇ ಮಾತಾಡ್ತಾರ.

ಅದರ ಕೆಳಗ ಕುರಿ ದಾರ ಕಟ್ರಿ. ಕುರಿ ಗಬ್ಬ ಸುಮಾರು 150 ದಿನ, ಅಂದ್ರ ಒಂದೂವರಿ ಮೀಟರ್ ಆದಮ್ಯಾಲ ಗಂಟು. ಕೆಂಪು, ನೀಲಿ, ಹಳದಿ, ಕಂದು ಎಲ್ಲಾ ಗಂಟಿಗಿಂತ ಮೊದ್ಲು ಇಲ್ಲಾ ಗಂಟಿನ ಮ್ಯಾಲೇ ಮುಗದಿರ್ತಾವ. ಕುರಿ ಹೊಟ್ಟಿಯಾಗ ಮುಗಿಸಿದ್ದನ್ನ ವಾಲಬಿ ಚೀಲದಾಗ ಹಾಲು ಕುಡಿಸಿ ಮುಗಿಸ್ತೈತಿ, ಅಷ್ಟೇ ಫರಕು. ಯಾರಾದ್ರೂ ಶಾಣ್ಯಾ ಹುಡುಗಿ ಎದ್ದು "ಸರ್, ವಾಲಬಿ ಭ್ರೂಣ ತಿಂಗಳಗಟ್ಲೆ ನಿದ್ದಿ ಮಾಡ್ತೈತಂತಲ್ಲ" ಅಂದ್ರ ಹೌದು ಅನ್ರಿ, 11 ತಿಂಗಳ ತನಕ ಬೆಳವಣಿಗಿ ನಿಂತು ಕಾಯಬಹುದು, ಆ ಕಾಯೋ ದಿನ ಈ ದಾರದಾಗ ಸೇರಿಸಿಲ್ಲ.

ಹೆಜ್ಜೆ 3: ಮೂಗಿಂದ ಮಿದುಳಿಗೆ ಹೋಗೋ ದಾರಿ ಬೋರ್ಡ್ ಮ್ಯಾಲ

ನಾಲ್ಕು ಸ್ಟಾಪ್ ಬರೀರಿ. ಮೊದ್ಲನೇದು ಮೂಗಿನ ಒಳಪೊರೆ, ಇಲ್ಲಿ ವಾಸನಿ ಹಿಡಿಯೋ ನರಕೋಶ ಇರ್ತಾವ. ಎರಡು, ಅವುಗಳ ಎಳಿ ಜರಡಿಯಂಥ ಎಲುಬಿನ ತೂತಿನ್ಯಾಗ ಹಾದು ಮ್ಯಾಲಕ್ಕ ಹೋಗೋದು. ಮೂರು, ಮಿದುಳಿನ ಮುಂದ ಇರೋ ಘ್ರಾಣ ಗೆಡ್ಡಿ, ಎಳಿಗಳೆಲ್ಲಾ ಬಂದು ಗುಂಪು ಗುಂಪಾಗಿ ಸೇರೋ ಜಾಗ. ನಾಲ್ಕು, ಅಲ್ಲಿಂದ ಮಿದುಳಿನ ಹೊರಪದರ ಮತ್ತ ಒಳಗಿನ ಭಾಗಗಳು, ವಾಸನಿ ಯಾವುದು, ನೆನಪೈತೇನು, ಬೇಕೋ ಬ್ಯಾಡೋ ಅಂತ ತಿಳ್ಕೊಳ್ಳೋದು ಇಲ್ಲಿ.

ಒಂದೊಂದು ನರಕೋಶಕ್ಕ ಒಂದೊಂದು ತರದ ಗ್ರಾಹಕ (ವಾಸನಿ ಕಣ ಹಿಡಿಯೋ ಪ್ರೋಟೀನ್, ರಿಸೆಪ್ಟರ್) ಇರ್ತೈತಿ, ಅದನ್ನ ಮಾಡೋ ಜೀನ್‌ಗಳ ದೊಡ್ಡ ಕುಟುಂಬನ್ನ 1991ರಾಗ ಲಿಂಡಾ ಬಕ್ ಮತ್ತ ರಿಚರ್ಡ್ ಆಕ್ಸೆಲ್ ಗುರುತಿಸಿದ್ರು, 2004ರಾಗ ನೊಬೆಲ್ ಬಂತು. ಮನುಷ್ಯಾರೊಳಗ ಕೆಲ್ಸ ಮಾಡೋ ಇಂಥ ಜೀನ್ ಸುಮಾರು 400, ಬೂದು ಒಪಾಸಮ್ ಒಳಗ ಸಾವಿರಕ್ಕೂ ಹೆಚ್ಚು. ಈ ಒಪಾಸಮ್ ಲ್ಯಾಬಿನ್ಯಾಗ ಸಾಕಾಕ ಸಲೀಸು, ಅದಕ್ಕ ಹೊಟ್ಟಿಚೀಲದ ಗುಂಪಿನ್ಯಾಗ ಮೊದ್ಲು ಜೀನೋಮ್ (ಪ್ರಾಣಿಯ ಪೂರ್ತಿ ಡಿಎನ್ಎ) ಓದಿದ್ದು ಇದರದ್ದೇ, 2007ರಾಗ.

ಈಗ ಚಾಕ್ ತಗೊಂಡು ಟ್ಯಾಮರ್ ಮರಿ ಹುಟ್ಟಿದ ದಿನದ ದಾರಿ ಬರೀರಿ. ಮೂಗಿನ ಪೊರೆ, ಗಟ್ಟಿ ಗೆರಿ, ಯಾಕಂದ್ರ ಗ್ರಾಹಕ ಕೋಶ ತಯಾರಿದಾವ. ಎಳಿಗಳು ಗೆಡ್ಡಿ ತನಕ ಮುಟ್ಟ್ಯಾವ, ಗಟ್ಟಿ ಗೆರಿ. ಗೆಡ್ಡಿಯಾಗ ದೊಡ್ಡವುಗಳಿಗೆ ಆರು ಪದರ ಎಣಿಸ್ತಾರ, ಮರಿಯೊಳಗ ಮೂರು ಕಾಣ್ತಾವ, ಅದಕ್ಕ ಅರ್ಧ ಗಟ್ಟಿ ಅರ್ಧ ಚುಕ್ಕಿ ಗೆರಿ. ಮಿದುಳಿನ ಹೊರಪದರಕ್ಕ ಬರೇ ಚುಕ್ಕಿ, ಅದು ಇನ್ನೂ ಕಟ್ಟಾಕ ಶುರು ಮಾಡಿದ ಮನಿ. ಅಂದ್ರ ಮರಿ "ಇದು ನಮ್ಮವ್ವನ ವಾಸನಿ" ಅಂತ ವಿಚಾರ ಮಾಡಿ ನಡಿಯಂಗಿಲ್ಲ. ಮುಂಗಾಲು ಎಡಕ್ಕೊಂದು ಬಲಕ್ಕೊಂದು ಈಜಿದಂಗ ಹಾಕೋ ತಾಳ ಬೆನ್ನುಹುರಿಯಿಂದಾನೇ ಬರ್ತೈತಿ, ಮೂಗು, ಮೂತಿ ಚರ್ಮದ ಸ್ಪರ್ಶ ಇವು ಆ ತಾಳನ್ನ ಈಕಡೆ ಆಕಡೆ ತಿರುಗಿಸ್ತಾವ.

ಇನ್ನೊಂದು ಸಣ್ಣ ಅಂಗ ಬಿಡಬ್ಯಾಡ್ರಿ. ಬಾಯಿ ಮ್ಯಾಲಿನ ಅಂಗಳದ ಹತ್ರ ಜಾಕಬ್ಸನ್ ಅಂಗ ಅಂತ ಎರಡನೇ ಮೂಗು ಇರ್ತೈತಿ, ಹೋತ ಆಡಿನ ಮೂತ್ರ ಮೂಸಿ ಮ್ಯಾಲಿನ ತುಟಿ ಎತ್ತಿ ನಿಂತಿರ್ತೈತಲ್ಲ, ಅದಕ್ಕ ಬಳಸೋದು ಇದನ್ನೇ. ಟ್ಯಾಮರ್ ಮರಿಯೊಳಗ ಹುಟ್ಟಿದಾಗ್ಲೇ ಇದರಾಗೂ ಗ್ರಾಹಕ ಕೋಶ ಕಂಡಾವ. ಹೋತದ ಉದಾಹರಣಿ ಕೊಟ್ರ ಕ್ಲಾಸ್ ನಗ್ತೈತಿ, ನಗ್ಲಿ.

ಹೆಜ್ಜೆ 4: ಏರಿ, ಆಮ್ಯಾಲ ಇಳಿ

ಇಲ್ಲಿ ನಿಧಾನ ಮಾಡ್ರಿ, ಭಾಳ ಮಂದಿ ಎಡವೋ ಜಾಗ ಇದು. ಪುಸ್ತಕದಾಗ, ವಿಡಿಯೋದಾಗ "ಮರಿ ವಾಸನಿ ಹಿಡ್ಕೊಂಡು ಚೀಲಕ್ಕ ಹೋಗ್ತೈತಿ" ಅಂತ ಒಂದೇ ಸಾಲಿನ್ಯಾಗ ಮುಗಿಸ್ತಾರ. ದಾರಿ ಎರಡು ತುಂಡು ಐತಿ. ತಾಯಿ ಬಾಲ ಮುಂದಕ್ಕ ಚಾಚಿ ಕುಂತಿರ್ತಾಳ, ಮರಿ ಕೆಳಗ ಹುಟ್ಟಿ, ಮುಂಗಾಲಿನ ಉಗುರಿನಿಂದ ಕೂದಲು ಹಿಡ್ಕೊಂಡು ಮ್ಯಾಲಕ್ಕ ಏರ್ತೈತಿ, ಕೆಲವೇ ನಿಮಿಷದ ಕೆಲ್ಸ. ಈ ಏರೋದಕ್ಕ ಮುಖ್ಯ ಗುರುತು ಭೂಮಿ ಸೆಳೆತ, ಸೆಳೆತದ ಉಲ್ಟಾ ದಿಕ್ಕಿಗೆ ಹೋಗೋದು. ಆದ್ರ ಕಾಂಗರೂ, ವಾಲಬಿ ಚೀಲದ ಬಾಯಿ ಮ್ಯಾಲಕ್ಕ ಐತಿ, ಮೊಲಿತೊಟ್ಟು ಚೀಲದ ಒಳಗ ಕೆಳಗ ಐತಿ. ಅಂದ್ರ ಅಂಚು ದಾಟಿದ ಮ್ಯಾಲ ಮರಿ ಅದೇ ನಿಯಮ ಹಿಡ್ಕೊಂಡು ಕುಂತ್ರ ತಾಯಿ ಎದಿ ತನಕ ಹತ್ತಿ ಹೋಗಿ ಸತ್ತೇ ಹೋಗ್ತೈತಿ. ಎಲ್ಲೋ ಒಂದ್ಕಡೆ ಏರೋದು ಬಿಟ್ಟು ಇಳಿಯಾಕ ಶುರು ಮಾಡ್ಬೇಕು, ಅಲ್ಲಿ ವಾಸನಿ ಬೇಕಾಗ್ತೈತಿ.

2009ರಾಗ ಮೆಲ್ಬರ್ನ್ ಯೂನಿವರ್ಸಿಟಿಯ ಮರ್ಲಿನ್ ರೆನ್‌ಫ್ರೀ ಅವ್ರ ತಂಡ ಇದನ್ನೇ ಪರೀಕ್ಷಾ ಮಾಡಿ ಬರ್ದ್ರು. ಹುಟ್ಟಿದ ಟ್ಯಾಮರ್ ಮರಿ ಮುಂದ ಎರಡು ಹತ್ತಿ ಕಡ್ಡಿ, ಒಂದಕ್ಕ ತಾಯಿ ಚೀಲದೊಳಗಿನ ಜಿಡ್ಡು, ಇನ್ನೊಂದಕ್ಕ ಬರೇ ಸಲೈನ್ ಉಪ್ಪುನೀರು. ಮರಿಗಳು ಜಿಡ್ಡಿನ ಕಡ್ಡಿ ಕಡೆಗೇ ಹೆಚ್ಚು ಸಲ ಹೋದ್ವು. ತಾಯಿ ನಾಲಿಗಿಯಿಂದ ನೆಕ್ಕಿ ದಾರಿ ಮಾಡಿಕೊಡ್ತಾಳ ಅನ್ನೋ ಹಳೇ ಮಾತು ಇನ್ನೂ ಓಡಾಡ್ತೈತಿ. ತಾಯಿ ನೆಕ್ಕೋದು ಖರೆ, ಹೆರಿಗಿ ನೀರು ಒರಿಸ್ಕೊಳ್ಳಾಕ, ಮರಿ ಮಾತ್ರ ತಾನಾಗೇ ಏರ್ತೈತಿ.

ಎಲ್ಲಾ ಜಾತಿಗೂ ಇದೇ ಅಂತ ಹೇಳಾಕ ಹೋಗಬ್ಯಾಡ್ರಿ. ನೆಲದಾಗ ಬಿಲ ತೋಡೋ ವಾಂಬ್ಯಾಟ್ ಅನ್ನೋ ಹೊಟ್ಟಿಚೀಲದ ಪ್ರಾಣಿಗೆ ಚೀಲದ ಬಾಯಿ ಹಿಂದಕ್ಕ ತಿರುಗೈತಿ, ಅದರ ದಾರಿನೇ ಬ್ಯಾರೆ. ಬೂದು ಒಪಾಸಮ್‌ಗೆ ಚೀಲ ಇಲ್ಲ, ಮರಿ ವಾಲಬಿಗಿಂತ ಇನ್ನೂ ಹಸಿ, ಅಲ್ಲಿ ಮೂತಿ ಚರ್ಮದ ಸ್ಪರ್ಶಕ್ಕ ಹೆಚ್ಚು ತೂಕ ಕೊಡ್ಬೇಕು.

ಕ್ಲಾಸಿನ್ಯಾಗ ತೋರ್ಸಾಕ ಒಂದು ಗೋಣಿಚೀಲ ಕುರ್ಚಿ ಬೆನ್ನಿಗೆ ಬಾಯಿ ಮ್ಯಾಲ ಮಾಡಿ ಕಟ್ರಿ, ಒಳಗ ತಳದಾಗ ಒಂದು ಗುಂಡಿ ಹೊಲದಿರ್ರಿ, ಅದು ತೊಟ್ಟು. ಕಣ್ಣು ಕಟ್ಟಿದ ಹುಡುಗನ ಕೈ ಕುರ್ಚಿ ಕಾಲಿನ ಹತ್ರ ಇಟ್ಟು "ಮ್ಯಾಲಕ್ಕ ಮಾತ್ರ ಹೋಗು" ಅನ್ರಿ. ಕೈ ಚೀಲದ ಬಾಯಿ ದಾಟಿ ಕುರ್ಚಿ ತುದಿ ಮುಟ್ತೈತಿ, ಗುಂಡಿ ಸಿಗಂಗಿಲ್ಲ. ಇನ್ನೊಂದು ಗುರುತು ಯಾಕ ಬೇಕು ಅಂತ ನೀವು ಹೇಳೋದೇ ಬ್ಯಾಡ.

ಹೆಜ್ಜೆ 5: ಜೀರಗಿ ನೀರಿನ ಪರೀಕ್ಷಾ

ಮೆಲ್ಬರ್ನಿನ ಆ ಹತ್ತಿ ಕಡ್ಡಿ ಪರೀಕ್ಷಾ ಹುಡುಗ್ರ ಮ್ಯಾಲೇ ಮಾಡ್ಬಹುದು. ಜೀರಗಿನ್ನ ಬಿಸಿನೀರಿನ್ಯಾಗ ನೆನಸಿ, ಸೋಸಿ, ಪೂರ್ತಿ ಆರಿಸಿ ಇಟ್ಕೋರಿ. ಅದು ಒಂದನೇ ಗ್ಲಾಸ್. ಅದರಾಗಿಂದ ಒಂದು ಚಮಚ ತಗೊಂಡು ಒಂಬತ್ತು ಚಮಚ ಬರೇ ನೀರಿಗೆ ಹಾಕಿದ್ರ ಎರಡನೇ ಗ್ಲಾಸ್, ಹಿಂಗೇ ಮೂರು, ನಾಲ್ಕು. ನಾಲ್ಕನೇದು ಸಾವಿರಕ್ಕ ಒಂದು ಪಾಲು. ಬ್ಯಾರೆ ಗ್ಲಾಸಿನ್ಯಾಗ ಬರೇ ನೀರು.

ಫ್ಯಾನ್ ಬಂದ್ ಮಾಡ್ರಿ, ಬ್ಯಾಸಗಿಯಾಗ ಹುಡುಗ್ರು ಬೈತಾರ ಆದ್ರೂ ಬಂದ್ ಮಾಡ್ರಿ. ಒಬ್ಬಾಕಿ ಕಣ್ಣು ಕಟ್ಟಿ ಕುಂದರ್ಸಿ, ಎರಡು ಹತ್ತಿ ಉಂಡಿ, ಒಂದು ಜೀರಗಿ ನೀರಿನ್ಯಾಗ ಅದ್ದಿದ್ದು, ಒಂದು ಬರೇ ನೀರಿನ್ಯಾಗ, ಮೂಗಿನ ಎಡಕ್ಕ ಬಲಕ್ಕ ಒಂದು ಗೇಣು ದೂರ ಹಿಡೀರಿ. ಯಾವ ಕಡೆ ಅಂತ ಮುಖ ತಿರುಗಿಸಿ ತೋರ್ಸಬೇಕು, ಮಾತಾಡಂಗಿಲ್ಲ. ಹತ್ತು ಸಲ ಮಾಡ್ರಿ, ಪ್ರತಿ ಸಲ ಎಡ ಬಲ ಯಾವುದು ಅಂತ ನಾಣ್ಯ ಹಾರಿಸಿ ತೀರ್ಮಾನ ಮಾಡ್ರಿ, ಇಲ್ಲಂದ್ರ ಕೆಲವ್ರು ಯಾವಾಗ್ಲೂ ಬಲಕ್ಕೇ ತಿರುಗ್ತಾರ, ನೀವು ಅದನ್ನ ವಾಸನಿ ಅಂದ್ಕೋತೀರಿ. ಹಿಡಿಯೋನಿಗೂ ಯಾವ ಉಂಡಿ ಯಾವುದು ಅಂತ ಗೊತ್ತಿರಬಾರದು, ಅದ್ದಿ ಕೊಡೋನು ಬ್ಯಾರೆ ಇರ್ಲಿ. ಉಸಿರಾಟದ ತೊಂದ್ರಿ ಇರೋ ಹುಡುಗ್ರನ್ನ ಕುಂದರ್ಸಬ್ಯಾಡ್ರಿ, ನೆಗಡಿ ಬಂದವ್ರನ್ನ ಬೇಕಂತಲೇ ಕುಂದರ್ಸ್ರಿ, ಆ ಅಂಕಿ ಪಾಠಕ್ಕ ಬರ್ತಾವ. ಸೆಂಟು, ಊದಿನಕಡ್ಡಿ ಬ್ಯಾಡ, ಒಮ್ಮೆ ರೂಮ್ ತುಂಬಿದ್ರ ಆ ದಿನದ ಕೆಲ್ಸ ಮುಗೀತು.

ಲೆಕ್ಕದ ಮಾತು. ಹತ್ತಕ್ಕ ಎಂಟು ಸರಿ ಬಂದ್ರ ಚಪ್ಪಾಳಿ ಹೊಡೀತಾರ, ತಡೀರಿ. ಸುಮ್ಮನೆ ಊಹಿ ಮಾಡಿದ್ರೂ ಎಂಟೋ ಅದಕ್ಕಿಂತ ಹೆಚ್ಚೋ ಬರೋ ಸಾಧ್ಯತಿ 1024ರಾಗ 56, ಅಂದ್ರ ನೂರಕ್ಕ ಐದೂವರಿ ಹತ್ರ. ಒಂಬತ್ತೋ ಹೆಚ್ಚೋ ಬರೋದು 1024ರಾಗ 11, ನೂರಕ್ಕ ಒಂದರ ಆಸುಪಾಸು. ಅದಕ್ಕ ಒಂಬತ್ತು ಬಂದ್ರ ನಂಬ್ರಿ, ಎಂಟು ಬಂದ್ರ ಇನ್ನೊಂದು ಸುತ್ತು ಮಾಡ್ರಿ. ಒಂದನೇ ಗ್ಲಾಸಿನ್ಯಾಗ ಎಲ್ಲಾರೂ ಪಾಸ್ ಆಗ್ತಾರ, ಮಜಾ ಇರೋದು ತೆಳ್ಳಗಾಗ್ತಾ ಹೋದಂಗ ಯಾರು ಎಲ್ಲಿ ಸೋಲ್ತಾರ ಅನ್ನೋದ್ರಾಗ.

ಹೆಜ್ಜೆ 6: ಚೀಲದ ಒಳಗಿನ ತಿಂಗಳುಗಳು

ಮರಿ ತೊಟ್ಟು ಕಚ್ಚಿದ ಮ್ಯಾಲ ವಾಸನಿ ಕತಿ ಮುಗೀತು ಅಂತ ಪಾಠ ನಿಲ್ಲಿಸಬ್ಯಾಡ್ರಿ, ದಾರದಾಗ ಅತ್ತಕಡೆ 250 ಸೆಂಟಿಮೀಟರ್ ಐತಿ. ಬಾಯಾಗ ತೊಟ್ಟು ಇದ್ದಷ್ಟು ದಿನ ಉಸಿರು ಮೂಗಿನ್ಯಾಗೇ, ಚೀಲದ ವಾಸನಿ ಹಗಲೂ ರಾತ್ರಿ ಆ ಪೊರೆ ಮ್ಯಾಲ ಹಾಯ್ತಿರ್ತೈತಿ. ಅದೇ ಹೊತ್ತಿಗೆ ಘ್ರಾಣ ಗೆಡ್ಡಿಯಾಗ ಉಳಿದ ಪದರ ಬಿಡಿಸ್ಕೊಂತಾವ, ಮಿದುಳಿನ ಒಳಗ ಹುಟ್ಟಿದ ಹೊಸ ಕೋಶ ಗೆಡ್ಡಿಗೆ ಬಂದು ಸೇರ್ತಾವ, ಬೋರ್ಡಿನ ಮ್ಯಾಲಿನ ಚುಕ್ಕಿ ಗೆರಿ ಗಟ್ಟಿ ಆಗ್ತಾ ಹೋಗ್ತಾವ. ಈ ಹೆಜ್ಜಿಗೆ ಹುಡುಗ್ರನ್ನೇ ಕರೆದು ಚಾಕ್ ಕೊಟ್ಟು ಚುಕ್ಕಿ ತಿದ್ದಸ್ರಿ. ಮೂಗಿನ ಪೊರೆಯೊಳಗಿನ ನರಕೋಶ ಮಾತ್ರ ಜೀವಮಾನ ಪೂರ್ತಿ ಸಾಯ್ತಾ ಹೊಸದಾಗಿ ಹುಟ್ತಾ ಇರ್ತಾವ, ನಮ್ಮೊಳಗೂ ಹಂಗೇ.

ಕೋಆಲಾ ಮಾತು ಇಲ್ಲೇ ಹೇಳ್ರಿ. ಅದರ ಮರಿ ಸುಮಾರು 0.5 ಗ್ರಾಂ ಹುಟ್ಟಿ, ಚೀಲದಾಗ ಆರು ತಿಂಗಳ ಹತ್ರ ಇದ್ದು, ಆಮ್ಯಾಲ ನೀಲಗಿರಿ ಎಲಿ ತಿನ್ನಾಕ ಕಲೀಬೇಕು. ಆ ಎಲಿ ವಿಷ, ತಿಂದು ಅರಗಿಸಾಕ ಹೊಟ್ಟಿಯಾಗ ಸೂಕ್ಷ್ಮಜೀವಿ ಬೇಕು. ಅದಕ್ಕ ತಾಯಿ ಕರುಳಿನ ಒಳಗಿಂದ ಮೆತ್ತಗಿನ ಒಂದು ತರದ ಹಿಕ್ಕಿ ಬಿಡ್ತಾಳ, ಮರಿ ಚೀಲದಿಂದ ಮೂತಿ ಹೊರಗ ಹಾಕಿ ಅದನ್ನ ತಿಂತೈತಿ. ಹುಡುಗ್ರು "ಛೀ" ಅಂತಾರ, ಅನ್ಲಿ ಬಿಡ್ರಿ, ಮರಿ ಬದುಕೋದು ಅದರಿಂದಾನೇ. ದೊಡ್ಡ ಕೋಆಲಾ ಎಲಿ ಕಿತ್ತು ತಿನ್ನೋ ಮೊದ್ಲು ಮೂಸಿ ನೋಡ್ತೈತಿ. 2018ರಾಗ ಕೋಆಲಾ ಜೀನೋಮ್ ಬಂದಾಗ ಜಾಕಬ್ಸನ್ ಅಂಗದ ಗ್ರಾಹಕಗಳ ಒಂದು ಗುಂಪು, ಕಹಿ ರುಚಿ ಗ್ರಾಹಕಗಳು, ವಿಷ ಕರಗಿಸೋ ಕಿಣ್ವಗಳು, ಇವುಗಳ ಜೀನ್ ಅದರಾಗ ಹೆಚ್ಚಿರೋದು ಕಂಡಿತು.

ಹೆಜ್ಜೆ 7: ಹಟ್ಟಿಗೆ ಹೋಗ್ರಿ

ಮರಿ ಹಾಕೋ ಕಾಲದಾಗ ಕುರಿಹಟ್ಟಿಗೆ ಹುಡುಗ್ರನ್ನ ಕರ್ಕೊಂಡು ಹೋಗ್ರಿ, ಕೆಂಗುರಿ ಸಾಕಿದವ್ರು ನಮ್ಮ ರಾಯಚೂರು ಕೊಪ್ಪಳ ಕಡೆ ಬೇಕಾದಷ್ಟು ಮಂದಿ ಅದಾರ. ಹೋಗೋ ಮೊದ್ಲು ಹಟ್ಟಿ ಯಜಮಾನ್ರನ್ನ ಕೇಳ್ಕೊಂಡೇ ಹೋಗ್ರಿ, ಹುಟ್ಟಿದ ಮರಿನ್ನ ಯಾರೂ ಮುಟ್ಟಂಗಿಲ್ಲ ಅಂತ ಮೊದ್ಲೇ ಹೇಳ್ರಿ, ಸೋಪು ಪೌಡರ್ ವಾಸನಿ ಮರಿಗೆ ಹತ್ತಿದ್ರ ತಾಯಿ ಅನುಮಾನ ಪಡಬಹುದು.

ಅಲ್ಲಿರೋ ಅಜ್ಜಾರನ್ನ ಕೇಳ್ರಿ, "ಯಜ್ಜಾ, ಇಷ್ಟು ಮರಿಯೊಳಗ ಕುರಿ ತನ್ನ ಮರಿನೇ ಹೆಂಗ ಹಿಡೀತೈತಿ?" ಅಂತ. "ಮೂಸತೈತಿ ನೋಡಪ್ಪಾ, ಬಾಲದ ಬುಡ ಮೂಸತೈತಿ" ಅಂತಾರ, ಕರೆಕ್ಟ್ ಉತ್ತರ ಅದೇ. ಈದ ಕುರಿ ಮರಿ ಮೈಮ್ಯಾಲಿನ ನೀರು ನೆಕ್ಕಿ, ಮೊದ್ಲ ಒಂದೆರಡು ತಾಸಿನ್ಯಾಗೇ ಅದರ ವಾಸನಿ ಗುರುತು ಮಾಡ್ಕೋತೈತಿ, ಆಮ್ಯಾಲ ಬ್ಯಾರೆ ಮರಿ ಬಂದ್ರ ಒದೀತೈತಿ. ತಬ್ಬಲಿ ಮರಿಗೆ ತಾಯಿ ಹಚ್ಚಬೇಕಂದ್ರ ಸತ್ತ ಮರಿ ಚರ್ಮ ಇದರ ಬೆನ್ನಿಗೆ ಕಟ್ಟಿ ಬಿಡೋ ಪದ್ಧತಿ ಕುರಿ ಸಾಕೋ ಎಷ್ಟೋ ದೇಶದಾಗ ಐತಿ.

ಇಲ್ಲಿ ಹುಡುಗ್ರಿಗೆ ಒಂದು ಪ್ರಶ್ನಿ ಬರೆಯಾಕ ಕೊಡ್ರಿ: ಹುಟ್ಟಿದ ದಿನ ಯಾರ ಮೂಗು ಹೆಚ್ಚು ದುಡೀತೈತಿ? ಕುರಿಯೊಳಗ ತಾಯಿದು, ಯಾಕಂದ್ರ ಮರಿ ಎದ್ದು ಓಡಾಡ್ತೈತಿ, ಹಿಂಡಿನ್ಯಾಗ ಕಲಸಿಹೋಗ್ತೈತಿ, ತಾಯಿ ಗುರುತು ಹಿಡೀಲಿಲ್ಲಂದ್ರ ಹಾಲು ಬ್ಯಾರೆಯವ್ರ ಪಾಲು. ವಾಲಬಿಯೊಳಗ ಮರಿದು, ಅದು ಒಮ್ಮೆ ಚೀಲದಾಗ ಸೇರಿದ್ರ ಅದಲು ಬದಲು ಆಗೋ ಪ್ರಶ್ನೀನೇ ಇಲ್ಲ.

ಹುಡುಗ್ರು ಕೇಳೋ ಪ್ರಶ್ನಿ, ನೀವು ಕೊಡಬೇಕಾದ ಉತ್ತರ

"ಮರಿ ಮೊಲಿತೊಟ್ಟಿನ ಮ್ಯಾಲೇ ಮೊಳಕಿ ಒಡೀತೈತಂತ?" ಆಸ್ಟ್ರೇಲಿಯಾಕ್ಕ ಹೋದ ಯುರೋಪಿನವ್ರು ಒಂದು ಕಾಲದಾಗ ಹಂಗೇ ನಂಬಿದ್ರು, ಏರೋದನ್ನ ಕಣ್ಣಾರೆ ನೋಡೋದು ಅಷ್ಟು ಕಷ್ಟ ಇತ್ತು.

"ತಾಯಿ ಬಾಯಿಲಿಂದ ಎತ್ತಿ ಚೀಲದಾಗ ಇಡ್ತಾಳೇನು?" ಇಲ್ಲ.

"ನಮ್ಮ ದರೋಜಿ ಕರಡಿ ಮರಿನೂ ಕಣ್ಣು ಮುಚ್ಚಿಕೊಂಡೇ ಹುಟ್ತಾವಲ್ಲ, ಅವೂ ಇದೇ ಗುಂಪೇನು?" ಒಳ್ಳೇ ಪ್ರಶ್ನಿ. ಅಲ್ಲ, ಕರಡಿ ಮರಿ ಹೊಟ್ಟಿಯಾಗ ಮಾಸಿನ (ಪ್ಲಾಸೆಂಟಾ) ಆಸರಿ ಮ್ಯಾಲೇ ಬೆಳೆದು ಬರ್ತೈತಿ, ಗುಹೆಯಾಗ ಕಣ್ಣು ಬಿಡ್ತೈತಿ, ದೊಡ್ಡದಾದ ಮ್ಯಾಲ ತಾಯಿ ಬೆನ್ನ ಮ್ಯಾಲ ಸವಾರಿ ಮಾಡ್ತೈತಿ. ನಾಯಿ, ಬೆಕ್ಕು, ಇಲಿ ಮರಿನೂ ಕಣ್ಣು ಮುಚ್ಚಿಕೊಂಡೇ ಹುಟ್ತಾವ, ಮೊಲಿ ಹುಡುಕೋದು ಅವೂ ವಾಸನಿ, ಬಿಸುಪು, ಸ್ಪರ್ಶದ ಮ್ಯಾಲೇ. ಮೊಲದ ಹಾಲಿನ್ಯಾಗ ಮರಿ ಬಾಯಿನ್ನ ತೊಟ್ಟಿಗೆ ಎಳಿಯೋ ಒಂದು ರಾಸಾಯನಿಕಾನೇ ಐತಿ, ಅದನ್ನ 2003ರಾಗ ಗುರುತಿಸಿದ್ರು.

"ಮನುಷ್ಯಾರ ಕೂಸಿಗೆ?" ಹುಟ್ಟಿದ ಕೂಸು ತಾಯಿ ಎದಿ ವಾಸನಿ ಕಡೆ ತಲಿ ತಿರುಗಿಸ್ತೈತಿ, ಅದಕ್ಕ ಹೆರಿಗಿ ಆದಕೂಡ್ಲೆ ಎದಿ ಮ್ಯಾಲ ಮಲಗಿಸ್ರಿ ಅಂತ ನರ್ಸಮ್ಮಾರು ಹೇಳೋದ್ರಾಗ ಇದೂ ಒಂದು ಲಾಭ. ಮನಿಯಾಗ ಬಾಣಂತಿ ಇದ್ದ ಹುಡುಗ್ರು ಇದನ್ನ ತಾವೇ ನೋಡಿ ಬಂದು ಹೇಳ್ತಾರ.

ಟೈಮಿಂದು: ಕಾಳು ಮತ್ತ ದಾರ ಒಂದು ಪಿರಿಯಡ್, ಬೋರ್ಡ್ ಮತ್ತ ಗೋಣಿಚೀಲ ಒಂದು, ಜೀರಗಿ ಪರೀಕ್ಷಾಕ್ಕ ಎರಡು ಪಿರಿಯಡ್ ಕೂಡಿಸ್ಕೋರಿ. ಹಟ್ಟಿಗೆ ಮುಂಜಾನೆ ಹಿಂಡು ಮೇಯಾಕ ಬಿಡೋ ಮೊದ್ಲೇ ಮುಟ್ಟಬೇಕು, ಹತ್ತು ಗಂಟೆ ಮ್ಯಾಲ ಹೋದ್ರ ಎಳಿ ಮರಿಗಳು ಅಷ್ಟೇ ಸಿಗ್ತಾವ, ತಾಯಿಗಳು ಅಡವಿಗೆ ಹೋಗಿರ್ತಾವ.